ಪಾಪರ್ ಅರ್ಜಿಯ ಪೂರ್ವೋತ್ತರ



ನಮ್ಮ ಆಡುಮಾತಿನಲ್ಲಿ ‘ಪಾಪರ್’ ಎಂಬುದೊಂದು ಶಬ್ದವುಂಟು. ದಾವಣಗೆರೆಯ ಅಂಗಡಿಬೀದಿಯಲ್ಲಿ ಯಾರಾದರೂ ವ್ಯಾಪಾರದಲ್ಲಿ ಮುಳುಗಿದರೆ ‘ಪಾಪರ್ ಆದ’ ಎನ್ನುತ್ತಾರೆ. ಸಾಲ ಕೊಟ್ಟವರ ಮುಂದೆ ಕೈಯೆತ್ತಿದರೆ ‘ಪಾಪರ್ ಚೀಟಿ ಕೊಟ್ಟ’ ಎನ್ನುತ್ತಾರೆ. ಹೇಳುವವರ ದನಿಯಲ್ಲಿ ಒಂದಿಷ್ಟು ತಾತ್ಸಾರ, ಕೇಳುವವರ ಮುಖದಲ್ಲಿ ಒಂದಿಷ್ಟು ಸಂಕೋಚ. ನಮ್ಮ ‘ಪಾಪ’ ಎಂಬ ಮಾತಿನ ನೆರಳು ಅದರ ಮೇಲೆ ಬಿದ್ದಿದೆಯೋ ಏನೋ, ಅದನ್ನು ಕೇಳಿದೊಡನೆ ಯಾವುದೋ ದೋಷ ಮಾಡಿದವನ ಚಿತ್ರ ಮನಸ್ಸಿಗೆ ಬರುತ್ತದೆ. ವಾಸ್ತವವಾಗಿ ಪಾಪಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕೋರ್ಟಿನ ಮೆಟ್ಟಿಲು ಹತ್ತಿ ಕನ್ನಡಕ್ಕೆ ಬಂದ ಪದ. ಮೂಲದಲ್ಲಿ ಇದರ ಅರ್ಥ ‘ಬಡವ’ ಎಂಬಷ್ಟೇ.

ಕೋರ್ಟಿನಲ್ಲಿ ಈ ಶಬ್ದಕ್ಕೆ ಇನ್ನೊಂದು ಬಳಕೆ ಇತ್ತು. ನ್ಯಾಯಾಲಯದ ಶುಲ್ಕ ಕಟ್ಟಲು ಶಕ್ತಿಯಿಲ್ಲದವನು ‘ನನ್ನ ದಾವೆಯನ್ನು ಶುಲ್ಕವಿಲ್ಲದೆ ಸ್ವೀಕರಿಸಿ’ ಎಂದು ಕೇಳಿಕೊಳ್ಳುವ ಮನವಿಗೆ ಪಾಪರ್ ಅರ್ಜಿ ಎಂದು ಹೆಸರು. ದಿವಾಳಿಯಾದವನ ಚೀಟಿ ಬೇರೆ, ಬಡವನ ಅರ್ಜಿ ಬೇರೆ. ಮೊದಲನೆಯದು ಸಾಲ ತೀರಿಸಲಾರೆನೆಂಬ ಒಪ್ಪಿಗೆ. ಎರಡನೆಯದು ನನಗೆ ಬರಬೇಕಾದದ್ದು ಬರಲಿ ಎಂಬ ಹಕ್ಕಿನ ಮಾತು. ಒಂದೇ ಶಬ್ದ ಎರಡನ್ನೂ ಹೊತ್ತುಕೊಂಡದ್ದರಿಂದ ಅನರ್ಥವಾಗಿದೆ. ಯಂತ್ರಕ್ಕೆ ಬೆರಳು ಕೊಟ್ಟ ಕಾರ್ಮಿಕ ಪರಿಹಾರ ಸಾಲದೆಂದು ಮೇಲ್ಮನವಿ ಹಾಕಬಹುದಾಗಿದ್ದಾಗಲೂ ‘ನಾನೇನು ಪಾಪರೇ?’ ಎಂದು ಮಾನಕ್ಕಂಜಿ ಸುಮ್ಮನಾಗಿಬಿಡಬಹುದು. ಮಾನ ಉಳಿಯಿತೆಂದು ಅವನು ತಿಳಿದರೂ ಜೀವಮಾನವಿಡೀ ಬರಬೇಕಾದ ಹಣ ಹೋಯಿತಲ್ಲವೇ? ಆದಕಾರಣ ಈ ಅರ್ಜಿಯ ಹಿಂದುಮುಂದನ್ನು ತಮ್ಮ ಮುಂದಿಡಬಯಸುತ್ತೇನೆ. ನಾನು ವಕೀಲನಲ್ಲ, ಪಾಠ ಹೇಳುವವನು. ಶಬ್ದದ ಬೆನ್ನು ಹತ್ತಿ ಹೊರಟರೆ ಚರಿತ್ರೆ ಸಿಕ್ಕುವುದುಂಟು. ಅಂಥ ಒಂದು ಪ್ರಯಾಣವಿದು.

ಮೊದಲು ನಮ್ಮ ಹಳೆಯ ಧರ್ಮಶಾಸ್ತ್ರವನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ 6ನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಹಿಂದೂ ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥ ಕನ್ನಡ ನೆಲದಲ್ಲಿ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಅದರ ವ್ಯವಹಾರಾಧ್ಯಾಯದಲ್ಲಿ ರಾಜನಿಗೆ ಸಲ್ಲಬೇಕಾದ ಹಣದ ಮಾತು ಬರುತ್ತದೆ. ಸಾಲದ ವ್ಯಾಜ್ಯದಲ್ಲಿ ಸಾಲ ರುಜುವಾತಾದರೆ ಸೋತ ಸಾಲಗಾರನು ನೂರಕ್ಕೆ 10ರಂತೆ ರಾಜನಿಗೆ ಕೊಡಬೇಕು. ಹಣ ಕೈಸೇರಿದ ಸಾಹುಕಾರನು ನೂರಕ್ಕೆ 5ರಂತೆ ಕೊಡಬೇಕು. ಇಲ್ಲಿ ಗಮನಿಸತಕ್ಕದ್ದು ಮೊತ್ತಕ್ಕಿಂತ ಹೆಚ್ಚಾಗಿ ಸಮಯ. ಹಣ ಸಲ್ಲುವುದು ತೀರ್ಪಾದ ಮೇಲೆ. ಗೆದ್ದವನಾದರೂ ಕೊಡುವುದು ಕೈಗೆ ಬಂದದ್ದರಲ್ಲಿ ಒಂದು ಪಾಲು.

ಹಾಗೆಂದು ಹಿಂದಿನ ಕಾಲವೆಲ್ಲ ಬಡವರ ಪಾಲಿಗೆ ರಾಮರಾಜ್ಯವಾಗಿತ್ತೆಂದು ಹೇಳಹೊರಟಿಲ್ಲ. ವಾದಿ ಪ್ರತಿವಾದಿಗಳಿಬ್ಬರೂ ಶಕ್ತನಾದ ಜಾಮೀನುದಾರನನ್ನು ತರಬೇಕೆಂಬ ನಿಯಮ ಅದೇ ಸ್ಮೃತಿಯಲ್ಲಿದೆ. ಜಾಮೀನು ಸಿಗದವನನ್ನು ಕಾವಲಿನಲ್ಲಿಡಬೇಕು, ಕಾವಲುಗಾರನ ದಿನಗೂಲಿಯನ್ನು ಸಂಜೆಗೆ ಅವನೇ ಕೊಡಬೇಕು ಎಂದು ಕಾತ್ಯಾಯನನ ಮತ. ಬಡವನಿಗೆ ಜಾಮೀನು ನಿಲ್ಲುವವರು ಅಂದೂ ವಿರಳವಾಗಿಯೇ ಇದ್ದಿರಬೇಕು. ಇಷ್ಟಾದರೂ ಬಾಗಿಲಲ್ಲೇ ಹಣ ಎಣಿಸಿಟ್ಟ ಮೇಲೆ ಒಳಗೆ ಬಾ ಎಂಬ ಕ್ರಮ ಅಲ್ಲಿಲ್ಲ.

ಇನ್ನು ಇಂಗ್ಲೆಂಡಿನ ಕಡೆ ಒಮ್ಮೆ ಕಣ್ಣು ಹಾಯಿಸೋಣ. ಪಾಪರ್ ಅರ್ಜಿಯ ತವರು ಅದೇ ತಾನೆ. 1495ರಲ್ಲಿ 7ನೆಯ ಹೆನ್ರಿ ದೊರೆಯ ಕಾಲದಲ್ಲಿ ಒಂದು ಶಾಸನವಾಯಿತು. ಬಡವನಾದ ವಾದಿಗೆ ಕೋರ್ಟಿನ ಪತ್ರಗಳನ್ನು ಶುಲ್ಕವಿಲ್ಲದೆ ಕೊಡಬೇಕು, ಅವನ ಪರವಾಗಿ ಪುಕ್ಕಟೆಯಾಗಿ ವಾದಿಸಲು ವಕೀಲರನ್ನು ನೇಮಿಸಬೇಕು ಎಂದು ಅದು ವಿಧಿಸಿತು. ಐದು ಶತಮಾನಗಳಿಗೂ ಹಿಂದಿನ ಈ ಉದಾರ ಶಾಸನಕ್ಕೆ ಒಂದು ಕರಾಳ ಬಾಲವೂ ಅಂಟಿಕೊಂಡಿತು. ಬಡ ವಾದಿ ಸೋತರೆ ಖರ್ಚು ಕೊಡುವೆಯೋ ಛಡಿಯೇಟು ತಿನ್ನುವೆಯೋ ಎಂದು ಅವನನ್ನೇ ಕೇಳುವ ಪದ್ಧತಿ ಹಿಂದೆ ಇತ್ತೆಂದೂ ತನ್ನ ಕಾಲಕ್ಕೆ ಅದು ನಿಂತುಹೋಗಿತ್ತೆಂದೂ 18ನೆಯ ಶತಮಾನದ ನ್ಯಾಯಪಂಡಿತ ಬ್ಲ್ಯಾಕ್‌ಸ್ಟನ್ ಬರೆದಿದ್ದಾನೆ. ಬಡವನು ಕೋರ್ಟಿಗೆ ಬರಲಿ, ಆದರೆ ತಪ್ಪಿ ಬಂದರೆ ಬೆನ್ನು ಬಾಸುಂಡೆಯಾಗಲಿ ಎಂಬ ಈ ಮನೋಭಾವದ ಒಂದು ಎಳೆ ಇಂದಿಗೂ ಜನರ ಅಂಜಿಕೆಯಲ್ಲಿ ಉಳಿದುಬಂದಿದೆಯೆಂದು ನನಗೆ ತೋರುತ್ತದೆ.

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನಡೆದ ದಾರಿ ವಿಚಿತ್ರವಾದದ್ದು. 1793ರಲ್ಲಿ ಕಾರ್ನ್‌ವಾಲಿಸನು ಬಂಗಾಳದ ಅದಾಲತ್ತುಗಳಲ್ಲಿ ವ್ಯಾಜ್ಯಗಾರರಿಂದ ಪಡೆಯುತ್ತಿದ್ದ ಶುಲ್ಕವನ್ನು ತೆಗೆದುಹಾಕಿದನು. ಎರಡೇ ವರ್ಷ! 1795ರಲ್ಲಿ ಮತ್ತೊಂದು ರೆಗ್ಯುಲೇಷನ್ ಮಾಡಿ ಶುಲ್ಕವನ್ನು ಪುನಃ ಹೇರಿದರು. ವ್ಯಾಜ್ಯಗಳು ಮಿತಿಮೀರಿವೆ, ಸುಳ್ಳು ದಾವೆಗಳನ್ನು ತಡೆಯಬೇಕು ಎಂಬುದು ಅವರು ಕೊಟ್ಟ ಕಾರಣ. ಮುಂದೆ 1835ರಲ್ಲಿ ಗವರ್ನರ್ ಜನರಲ್ಲರ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದ ಮೆಕಾಲೆ ಈ ಕಾರಣವನ್ನು ಕಟುವಾಗಿ ಖಂಡಿಸಿದನು. ನಮ್ಮ ಭಾಷೆಗಳ ವಿಷಯದಲ್ಲಿ ಮೆಕಾಲೆ ಬರೆದದ್ದನ್ನು ನಾವು ಮರೆತಿಲ್ಲ. ಆದರೆ ಶುಲ್ಕದ ವಿಷಯದಲ್ಲಿ ಅವನ ವಾದ ಒಪ್ಪತಕ್ಕದ್ದೇ. ಅವನ ಅಭಿಪ್ರಾಯದ ತಾತ್ಪರ್ಯವಿಷ್ಟು: ಶುಲ್ಕಕ್ಕೆ ಸತ್ಯ ಸುಳ್ಳುಗಳ ವಿವೇಚನೆಯಿಲ್ಲ, ಅದು ಸುಳ್ಳು ಹೇಳುವ ಸಿರಿವಂತನನ್ನು ತಡೆಯದು, ಸತ್ಯ ಹೇಳುವ ಬಡವನನ್ನು ತಡೆಯುತ್ತದೆ. ಸುಳ್ಳು ದಾವೆಯನ್ನು ಕಂಡುಹಿಡಿಯುವ ಸಾಧನ ನ್ಯಾಯಾಧೀಶನ ವಿಚಾರಣೆಯೇ ವಿನಾ ಬಾಗಿಲಲ್ಲಿಟ್ಟ ಹುಂಡಿಯಲ್ಲ.

ವಾದ ಗೆದ್ದಿತು, ಶುಲ್ಕ ಉಳಿಯಿತು. 1870ರಲ್ಲಿ ಕೋರ್ಟು ಫೀ ಕಾಯಿದೆ ಬಂದಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಲ್ಲಿ ಪಾಪರ್ ದಾವೆಗೂ 44ನೆಯ ಆದೇಶದಲ್ಲಿ ಪಾಪರ್ ಮೇಲ್ಮನವಿಗೂ ಅವಕಾಶವಾಯಿತು. ಶುಲ್ಕ ಕಟ್ಟಲು ಸಾಕಷ್ಟು ಸಾಧನವಿಲ್ಲದವನೇ ಪಾಪರ್. ಶುಲ್ಕ ಗೊತ್ತುಪಡಿಸದ ಕಡೆ, ಉಟ್ಟ ಬಟ್ಟೆಬರೆ ಮತ್ತು ವ್ಯಾಜ್ಯದ ವಸ್ತು ಬಿಟ್ಟು 100 ರೂಪಾಯಿ ಬೆಲೆಯ ಆಸ್ತಿಯಿಲ್ಲದವನು ಪಾಪರ್. ಕಾಯಿದೆ ಬಡವನನ್ನು ಅಳೆದದ್ದು ಹೀಗೆ.

ಈಗ ನಮ್ಮ ಊರುಗಳಿಗೆ ಬರೋಣ. ಹರಿಹರವೆಂದರೆ ಹೊರಗಿನವರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ನೆನಪು. ನಾನು ತಮ್ಮನ್ನು ಕರೆದೊಯ್ಯಬೇಕೆಂದಿರುವುದು ದೇವಾಲಯದಾಚೆಯ ತುಂಗಭದ್ರೆಯ ದಡಕ್ಕೆ. 1956ರ ಏಕೀಕರಣದವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ. ಈ ದಡದವನ ವ್ಯಾಜ್ಯಕ್ಕೆ ಮೈಸೂರಿನ ಶುಲ್ಕ, ಆ ದಡದ ರಾಣೆಬೆನ್ನೂರು ಸೀಮೆಯವನಿಗೆ ಮುಂಬಯಿಯ ಶುಲ್ಕ. ಹೊಳೆಯ ನೀರು ಒಂದೇ, ನ್ಯಾಯದ ಬೆಲೆ ಎರಡು!

ಹೊಳೆಯ ಈಚೆಗೆ 20ನೆಯ ಶತಮಾನದಲ್ಲಿ ಯಂತ್ರಗಳ ಯುಗ ಆರಂಭವಾಯಿತು. ಅರಳೆಯ ಪೇಟೆಯಾಗಿದ್ದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಊರಿಗೆ ಬಿರುದು ಬಂತು. ದಾವಣಗೆರೆ ಕಾಟನ್ ಮಿಲ್ಸಿನ ಹೆಸರಿನ ಮೂರು ಅಕ್ಷರಗಳು ಇಂದಿಗೂ ಡಿ.ಸಿ.ಎಂ. ಬಡಾವಣೆಯಲ್ಲಿ ಉಳಿದಿವೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪಿತವಾಗಿ, ಅಲ್ಲಿ ತಯಾರಾದ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಷಾಪುಗಳಿಗೆ ಹೋದವು. ಗಿರಣಿ ಕಾರ್ಮಿಕರ ನಾಯಕರಾಗಿದ್ದ ಪಂಪಾಪತಿಯವರನ್ನು ಈ ಊರು 1978, 1983, 1985ರಲ್ಲಿ ವಿಧಾನಸಭೆಗೆ ಕಳಿಸಿತೆಂದರೆ ಗಿರಣಿಗಳು ಇಲ್ಲಿಯ ಬದುಕಿನಲ್ಲಿ ಎಷ್ಟು ಬೇರೂರಿದ್ದುವೆಂದು ಊಹಿಸಬಹುದು. ಆ ದೊಡ್ಡ ಗಿರಣಿಗಳ ಸದ್ದು ಅಡಗಿತು, ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಆದರೆ ಯಂತ್ರ ಕೆಲಸ ಕೊಡುವಂತೆ ಗಾಯವನ್ನೂ ಕೊಡುತ್ತದೆ. ಕಾರ್ಖಾನೆ ಮುಚ್ಚಿದರೂ ಕಾರ್ಮಿಕನ ಕತ್ತರಿಸಿಹೋದ ಬೆರಳು ಮತ್ತೆ ಚಿಗುರುವುದಿಲ್ಲ.

ಆ ಬೆರಳಿಗೆ ಕಾನೂನು ಬೆಲೆ ಕಟ್ಟಿದ ಕತೆಯನ್ನೂ ಕೇಳಿ. 1923ರ ಕಾರ್ಮಿಕರ ಪರಿಹಾರ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ 1924ರ ಜುಲೈ 1ರಿಂದ ಜಾರಿಗೆ ಬಂದಿತು. ಕೆಲಸದಲ್ಲಿ ಅಂಗ ಕಳೆದುಕೊಂಡವನಿಗೆ ಮಾಲಿಕನು ಪರಿಹಾರ ಕೊಡಬೇಕು. ಎಷ್ಟು ಎಂಬುದಕ್ಕೆ ಒಂದು ಪಟ್ಟಿ. ಮುಂದೆ ಪರಿಷ್ಕೃತವಾದ ಆ ಪಟ್ಟಿಯ ಪ್ರಕಾರ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಒಂದು ಕೈಯ ನಾಲ್ಕು ಬೆರಳೂ ಹೋದರೆ 50. ಅನಂತರ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವು ಇ.ಎಸ್.ಐ. ಎನ್ನುವ ವ್ಯವಸ್ಥೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಅದರಲ್ಲಿ ಶಾಶ್ವತ ಅಂಗವೈಕಲ್ಯವಾದ ವಿಮಾದಾರನಿಗೆ ನಷ್ಟದ ಪ್ರಮಾಣಕ್ಕೆ ತಕ್ಕಂತೆ ತಿಂಗಳು ತಿಂಗಳು ಹಣ ಬರುವ ಏರ್ಪಾಡು. ಆ ಪ್ರಮಾಣವನ್ನು ನಿಶ್ಚಯಿಸುವುದು ವೈದ್ಯಕೀಯ ಮಂಡಳಿ.

ಇಲ್ಲಿಯೇ ಮೇಲ್ಮನವಿಯ ಪ್ರಶ್ನೆ ಏಳುವುದು. ಲೇತಿನ ಮುಂದೆ ನಿಲ್ಲುವ ಒಬ್ಬ ಕೆಲಸಗಾರನನ್ನು ಕಲ್ಪಿಸಿಕೊಳ್ಳಿ. ಅವನ ಕೈಗೆ ಪೆಟ್ಟಾಗಿದೆ. ಮಂಡಳಿ ನೂರಕ್ಕೆ 10 ನಷ್ಟವೆಂದು ಬರೆಯಿತು. ಆದರೆ ಅವನಿಗೆ ಹಿಡಿಯೇ ನಿಲ್ಲುತ್ತಿಲ್ಲ, ಹಿಂದಿನ ಕೆಲಸ ಸಾಗುತ್ತಿಲ್ಲ. ಕಾಗದದ ಮೇಲಿನ 10 ಮತ್ತು 30ರ ನಡುವಣ ಅಂತರ ಅವನ ಮನೆಯಲ್ಲಿ ಪ್ರತಿ ತಿಂಗಳ ಅಕ್ಕಿಯ ಅಂತರ. 1948ರ ಕಾಯಿದೆಯು ಅಂಥವನಿಗೆ ದಾರಿ ತೋರಿಸಿತ್ತು: ಮಂಡಳಿಯ ನಿರ್ಣಯದ ಮೇಲೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದಿತ್ತು, ಅಲ್ಲಿಂದ ನೌಕರರ ವಿಮಾ ನ್ಯಾಯಾಲಯಕ್ಕೆ, ಇಲ್ಲವೇ ನೇರವಾಗಿ ಆ ನ್ಯಾಯಾಲಯಕ್ಕೆ, ಮಹತ್ತ್ವದ ಕಾನೂನಿನ ಪ್ರಶ್ನೆ ಇದ್ದರೆ 60 ದಿನಗಳೊಳಗೆ ಹೈಕೋರ್ಟಿಗೆ. ವಕೀಲರೇ ಬೇಕೆಂದಿರಲಿಲ್ಲ, ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ಅವನಿಂದ ಲಿಖಿತ ಅಧಿಕಾರ ಪಡೆದು ಅವನ ಪರವಾಗಿ ನಿಲ್ಲಬಹುದಿತ್ತು. 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ವಿಮಾ ನ್ಯಾಯಾಲಯವೂ ಹೈಕೋರ್ಟಿನ ಮೇಲ್ಮನವಿಯೂ ಅದರಲ್ಲಿ ಉಳಿದುಕೊಂಡಿವೆ.

ಮೇಲ್ಮನವಿಯಿಂದ ಏನು ಸಾಧ್ಯ ಎಂಬುದಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. ಒರಿಸ್ಸಾದ ಒಂದು ಚಿತ್ರಮಂದಿರದಲ್ಲಿ ಕುಸುರಿಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು 1968ರಲ್ಲಿ ಬಿದ್ದು, ಎಡಗೈಯನ್ನೇ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಒಂದು ಕೈ ಹೋದರೆ ಭಾಗಶಃ ನಷ್ಟವಷ್ಟೇ ಎಂಬುದು ಮಾಲಿಕನ ಕಡೆಯ ವಾದ. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಒಂದೇ ಕೈಯಲ್ಲಿ ಬಡಗಿತನ ಸಾಗದು, ಆದ್ದರಿಂದ ಈ ಮನುಷ್ಯನಿಗೆ ಆದದ್ದು ನೂರಕ್ಕೆ ನೂರು ನಷ್ಟ ಎಂದು ತೀರ್ಮಾನವಾಯಿತು. ಅಂಗದ ಅಳತೆ ಬೇರೆ, ಕಸುಬಿನ ಅಳತೆ ಬೇರೆ ಎಂಬ ದೊಡ್ಡ ಮಾತು ಒಬ್ಬ ಬಡಗಿಯ ವ್ಯಾಜ್ಯದಿಂದ ಹೊರಬಂದಿತು. ಅವನು ಮೊದಲ ಬಾಗಿಲಲ್ಲೇ ಹಿಂದಿರುಗಿದ್ದರೆ ಈ ಮಾತು ಹುಟ್ಟುತ್ತಿತ್ತೇ?

ಬಾಗಿಲ ಶುಲ್ಕದ ಕತೆಯನ್ನು ಮತ್ತೆ ಕೈಗೆತ್ತಿಕೊಳ್ಳೋಣ. ಏಕೀಕರಣವಾದ ಮೇಲೆ ಹೊಳೆಯ ಎರಡೂ ದಡಕ್ಕೆ ಒಂದೇ ಕಾನೂನು ಬೇಕಾಯಿತು. 1958ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯ ನಿರ್ಣಯ ಕಾಯಿದೆಯಾಯಿತು. ಅದೇ ವರ್ಷ ಎಂ. ಸಿ. ಸೆಟಲ್‌ವಾಡರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೆಯ ವರದಿಯನ್ನು ಕೊಟ್ಟು, ಸರ್ಕಾರ ನ್ಯಾಯದಾನದಿಂದ ಲಾಭ ಮಾಡಿಕೊಳ್ಳಬಾರದೆಂದೂ ಬಡವರಿಗೆ ಕಾನೂನು ನೆರವು ಕೊಡುವುದು ರಾಜ್ಯದ ಹೊಣೆಯೆಂದೂ ಹೇಳಿತು. ಒಂದೇ ವರ್ಷದಲ್ಲಿ ಒಂದು ಕೈ ಶುಲ್ಕದ ದರಪಟ್ಟಿ ಬರೆಯಿತು, ಇನ್ನೊಂದು ಕೈ ಶುಲ್ಕ ತಗ್ಗಿಸಿರೆಂದು ಬರೆಯಿತು!

ಎರಡನೆಯ ಕೈಯ ಬರಹ ಫಲಿಸಲು ಸುಮಾರು 20 ವರ್ಷ ಬೇಕಾಯಿತು. 1976ರಲ್ಲಿ ಎರಡು ಬದಲಾವಣೆಗಳಾದವು. ಸಂವಿಧಾನಕ್ಕೆ 42ನೆಯ ತಿದ್ದುಪಡಿಯ ಮೂಲಕ 39ಎ ಎಂಬ ಅನುಚ್ಛೇದ ಸೇರಿತು. ಹಣದ ಅಥವಾ ಇನ್ನಾವ ಕೊರತೆಯಿಂದಲೂ ಯಾವ ಪ್ರಜೆಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ರಾಜ್ಯವು ಉಚಿತ ಕಾನೂನು ನೆರವು ಒದಗಿಸಬೇಕು ಎಂಬುದು ಅದರ ಸಾರ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ‘ಪಾಪರ್’ ಎಂಬ ಶಬ್ದವನ್ನು ಅಳಿಸಿ ‘ನಿರ್ಗತಿಕ ವ್ಯಕ್ತಿ’ ಎಂಬರ್ಥದ ಪದವನ್ನಿಟ್ಟರು. 100 ರೂಪಾಯಿಯ ಮಿತಿ 1,000 ಆಯಿತು. ಅಲ್ಲದೆ, ಜಫ್ತಿಗೆ ಒಳಪಡದ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸ್ಪಷ್ಟಪಡಿಸಿದರು. ಅಡುಗೆಯ ಪಾತ್ರೆ, ಹಾಸಿಗೆ ಬಟ್ಟೆ, ಕುಶಲಕರ್ಮಿಯ ಹತ್ಯಾರು, ಬೇಸಾಯಗಾರನ ನೇಗಿಲು, ಉಳುವ ಎತ್ತು ಇವು ಅಂಥವು. ಕಾಯಿದೆಯ ಪುಸ್ತಕದಿಂದ ಶಬ್ದ ಹೋಗಿ ಸುಮಾರು ಅರ್ಧ ಶತಮಾನವಾದರೂ ನಮ್ಮ ನಾಲಗೆಯಿಂದ ಇನ್ನೂ ಹೋಗಿಲ್ಲ.

1979ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹರಿಯಾಣದ ಒಂದು ಪ್ರಕರಣ ಬಂದಿತು. ಸರ್ಕಾರಿ ಬಸ್ಸಿನ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೂ ಅವಳ ಮಗಳೂ ಶುಲ್ಕವಿಲ್ಲದೆ ಪರಿಹಾರ ಕೇಳಿದ್ದರು. ಅವರು ಶುಲ್ಕ ಕಟ್ಟಲೇಬೇಕೆಂದು ರಾಜ್ಯ ಸರ್ಕಾರ ದೆಹಲಿಯವರೆಗೆ ಹೋಗಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸರ್ಕಾರವನ್ನೇ ತರಾಟೆಗೆ ತೆಗೆದುಕೊಂಡರು. ಅಪಘಾತ ಪರಿಹಾರದ ನ್ಯಾಯಮಂಡಳಿಗಳಿಗೂ 33ನೆಯ ಆದೇಶದ ಸೌಲಭ್ಯ ಸಲ್ಲುತ್ತದೆಂದು ನಿರ್ಣಯವಾಯಿತು. 1992ರಲ್ಲಿ ರೈಲ್ವೆ ಪರಿಹಾರ ನ್ಯಾಯಮಂಡಳಿಯ ವಿಷಯದಲ್ಲೂ ಸುಪ್ರೀಂ ಕೋರ್ಟು ಅದೇ ತತ್ತ್ವವನ್ನು ಎತ್ತಿಹಿಡಿಯಿತು. ನಿಯಮದಲ್ಲಿ ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಬಡವನನ್ನು ಬಾಗಿಲಿಂದ ಹಿಂದೆ ಕಳಿಸಬಾರದೆಂಬುದು ಇವೆರಡರ ಫಲಿತಾರ್ಥ.

ಆಮೇಲೆ ಬಂದದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ. ಜಾರಿಯಾದದ್ದು 1995ರ ನವೆಂಬರ್ 9ರಂದು. ಅದರ 12ನೆಯ ಕಲಮನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಉಚಿತ ಕಾನೂನು ಸೇವೆಗೆ ಅರ್ಹರಾದವರ ಪಟ್ಟಿ ಅಲ್ಲಿದೆ: ಪರಿಶಿಷ್ಟ ಜಾತಿ ಪಂಗಡದವರು, ಹೆಂಗಸರು ಮತ್ತು ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ ಬರ ಭೂಕಂಪಗಳಿಗೆ ಸಿಕ್ಕಿದವರು, ಬಂಧನದಲ್ಲಿರುವವರು, ಇವರಲ್ಲದೆ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ವರಮಾನವುಳ್ಳವರು. ವರಮಾನದ ಮಿತಿ ಕೊನೆಯ ವರ್ಗಕ್ಕೆ ಮಾತ್ರ ಎಂಬುದನ್ನು ಗಮನಿಸಿರಿ. ಯಂತ್ರದಿಂದ ಕೈ ಊನವಾದ ಕಾರ್ಮಿಕನು ಅಂಗವಿಕಲನೆಂಬ ಕಾರಣದಿಂದಲೂ ಅರ್ಹ, ಕಾರ್ಮಿಕನೆಂಬ ಕಾರಣದಿಂದಲೂ ಅರ್ಹ. ತಾನು ನಿರ್ಗತಿಕನೆಂದು ಅವನು ಯಾರ ಮುಂದೆಯೂ ಹೇಳಿಕೊಳ್ಳಬೇಕಾಗಿಲ್ಲ. ಈ ಸೇವೆಯಲ್ಲಿ ವಕೀಲರ ನೇಮಕದ ಜೊತೆಗೆ ಕೋರ್ಟು ಶುಲ್ಕ, ನೋಟೀಸು ಜಾರಿಯ ಖರ್ಚು, ನಕಲಿನ ಖರ್ಚುಗಳೂ ಸೇರುತ್ತವೆ. ಮೇಲುನೋಟಕ್ಕೆ ವ್ಯಾಜ್ಯದಲ್ಲಿ ಹುರುಳಿದೆಯೆಂದು ಪ್ರಾಧಿಕಾರಕ್ಕೆ ತೋರಿದರೆ ಸಾಕು. ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ. ವಿಚಾರಿಸಲು 15100 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ.

ಈ ಪಟ್ಟಿಯಲ್ಲಿ ಬಾರದವನಿಗೆ ಹಳೆಯ 33ನೆಯ ಆದೇಶದ ದಾರಿ ಇದ್ದೇ ಇದೆ. ಅರ್ಜಿಯ ಜೊತೆಗೆ ತನ್ನ ಚರ ಸ್ಥಿರ ಆಸ್ತಿಯ ಪಟ್ಟಿಯನ್ನು ಬೆಲೆಸಹಿತ ಕೊಡಬೇಕು. ಸಾಮಾನ್ಯವಾಗಿ ತಾನೇ ಹೋಗಿ ಸಲ್ಲಿಸಬೇಕು. ಕೋರ್ಟು ಎದುರುಪಕ್ಷಕ್ಕೂ ಸರ್ಕಾರಿ ವಕೀಲರಿಗೂ ತಿಳಿಸಿ ವಿಚಾರಣೆ ಮಾಡುತ್ತದೆ. ಪಟ್ಟಿಯಲ್ಲಿ ಯಾವುದನ್ನೂ ಬಚ್ಚಿಡಬಾರದು. ಅರ್ಜಿಗೆ ಮುಂಚಿನ ಎರಡು ತಿಂಗಳಲ್ಲಿ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೆ, ದಾವೆಗೆ ಕಾರಣವೇ ಇಲ್ಲದಿದ್ದರೆ, ಅವಧಿ ಮೀರಿದ್ದರೆ ಅರ್ಜಿ ವಜಾ ಆಗುತ್ತದೆ. ವಜಾ ಆದರೂ ಶುಲ್ಕ ಕಟ್ಟಲು ಕೋರ್ಟು ಕಾಲಾವಕಾಶ ಕೊಡಬಹುದು. ಕೆಳಗಿನ ಕೋರ್ಟಿನಲ್ಲಿ ನಿರ್ಗತಿಕನೆಂದು ಅನುಮತಿ ಪಡೆದವನು ಮೇಲ್ಮನವಿಯಲ್ಲಿ ತನ್ನ ಸ್ಥಿತಿ ಬದಲಾಗಿಲ್ಲವೆಂದು ಪ್ರಮಾಣಪತ್ರ ಕೊಟ್ಟರೆ, ಎದುರಿನವರು ಅಲ್ಲಗಳೆಯದ ಹೊರತು, ಮತ್ತೆ ವಿಚಾರಣೆ ಬೇಕಿಲ್ಲ. ಮೇಲ್ಮನವಿ ಎಲ್ಲಿಗೆ ಎಂಬುದರಲ್ಲಿ ಮಾತ್ರ ಹೊಳೆ ಮತ್ತೆ ಅಡ್ಡ ಬರುತ್ತದೆ: 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆರಂಭವಾದ ಮೇಲೆ ಆಚೆ ದಡದ ಹಾವೇರಿ ಜಿಲ್ಲೆಯವರು ಧಾರವಾಡಕ್ಕೆ ಹೋಗುತ್ತಾರೆ, ಈಚೆ ದಡದ ಹರಿಹರ ದಾವಣಗೆರೆಯವರು ಬೆಂಗಳೂರಿಗೆ ಹೋಗಬೇಕು.

ಹೀಗೆ ಶುಲ್ಕ ಬಿಟ್ಟರೆ ಸುಳ್ಳು ವ್ಯಾಜ್ಯಗಳು ಹೆಚ್ಚುವುದಿಲ್ಲವೇ, ಸರ್ಕಾರದ ಬೊಕ್ಕಸಕ್ಕೆ ನಷ್ಟವಲ್ಲವೇ ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 33ನೆಯ ಆದೇಶದ 10 ಮತ್ತು 11ನೆಯ ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ನಿರ್ಗತಿಕನು ಗೆದ್ದರೆ ಅವನು ಕಟ್ಟಬೇಕಾಗಿದ್ದ ಶುಲ್ಕವನ್ನು ಕೋರ್ಟು ಲೆಕ್ಕಹಾಕುತ್ತದೆ. ಡಿಕ್ರಿಯಲ್ಲಿ ಯಾರು ಕೊಡಬೇಕೆಂದು ಹೇಳಿದೆಯೋ ಅವರಿಂದ ಸರ್ಕಾರ ವಸೂಲು ಮಾಡುತ್ತದೆ. ವ್ಯಾಜ್ಯದ ವಸ್ತುವಿನ ಮೇಲೆ ಆ ಶುಲ್ಕದ್ದೇ ಮೊದಲ ಹಕ್ಕು. ಸೋತರೆ ಅವನೇ ಕೊಡಬೇಕೆಂದು ಆಜ್ಞೆಯಾಗುತ್ತದೆ. ಹಾಗಾದರೆ ಈ ದಾರಿಯಲ್ಲಿ ನಾವು ‘ಶುಲ್ಕ ಮನ್ನಾ’ ಎನ್ನುವುದು ನಿಜವಾಗಿ ಮನ್ನಾ ಕೂಡ ಅಲ್ಲ. ಶುಲ್ಕವನ್ನು ಬಾಗಿಲಿನಿಂದ ತೆಗೆದು ತೀರ್ಪಿನ ಕೊನೆಗೆ ಇಟ್ಟದ್ದು. ವಿಜ್ಞಾನೇಶ್ವರನು ವಿವರಿಸಿದ ಹಳೆಯ ಕ್ರಮಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ತಾವೇ ಕಾಣಬಲ್ಲಿರಿ. ಬಡವನು ಕೇಳುತ್ತಿರುವುದು ಭಿಕ್ಷೆಯನ್ನಲ್ಲ, ಕಾಲಾವಕಾಶವನ್ನು. ಅದರಲ್ಲಿ ನಾಚಿಕೆಪಡುವಂಥದ್ದೇನಿದೆ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧ. ಖರ್ಚಿಗೆ ಹೆದರಿದ ತಲೆಮಾರುಗಳ ಅನುಭವ ಅದರಲ್ಲಿದೆ, ಅದನ್ನು ಹುಸಿಯೆನ್ನಲಾರೆ. ಶುಲ್ಕ ತಪ್ಪಿದರೂ ಬಸ್ಸಿನ ಖರ್ಚು, ಕಳೆದುಹೋದ ದಿನಗೂಲಿ, ವಾಯಿದೆಯ ಮೇಲೆ ವಾಯಿದೆ, ಇವು ತಪ್ಪುವುದಿಲ್ಲ. ಆದರೂ ಅರವತ್ತು ದಿನಗಳ ಗಡುವು ಇರುವ ಕಡೆ ಯೋಚನೆಯಲ್ಲೇ ದಿನ ಕಳೆದವನಿಗೆ ಯಾವ ಕಾಯಿದೆಯೂ ಸುಲಭವಾಗಿ ನೆರವಾಗದು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮುಂದೆ ದುಡಿಯುವವರಿದ್ದಾರೆ; ಸಣ್ಣ ವರ್ಕ್‌ಷಾಪುಗಳಲ್ಲಿ ಡ್ರಿಲ್ಲಿನ ಮುಂದೆ ನಿಲ್ಲುವ ಹುಡುಗರಿದ್ದಾರೆ. ಅವರಲ್ಲಿ ಕೆಲವರು ತಮ್ಮ ನೆರೆಮನೆಯವರೇ ಇರಬಹುದು. ರೇಡಿಯೋ ಕೇಳಿ ಈ ಪತ್ರಿಕೆ ಓದುವ ಮನೆಗಳಲ್ಲಿ ಅಕ್ಷರ ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ. ಪೆಟ್ಟಾದವರೊಬ್ಬರು ತಮ್ಮ ಜಗುಲಿಗೆ ಬಂದಾಗ ಮೂರು ಕೆಲಸ ಮಾಡಿಕೊಡಿ. ಮಂಡಳಿಯ ನಿರ್ಣಯದ ಕಾಗದದ ಮೇಲಿರುವ ತಾರೀಖನ್ನು ಮೊದಲು ಓದಿ ಹೇಳಿರಿ. ಆಸ್ಪತ್ರೆಯ ಚೀಟಿ, ವಿಮೆಯ ಕಾರ್ಡು, ಸಂಬಳದ ಚೀಟಿಗಳನ್ನು ಒಂದು ಕಡೆ ಜೋಡಿಸಿಕೊಡಿ. ಆಮೇಲೆ ಒಂದು ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ, ಏನಾಯಿತು, ಯಾವಾಗ ಆಯಿತು, ಈಗ ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬುದನ್ನು ಬರೆದು, ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಜೊತೆಯಲ್ಲಿ ಹೋಗಿಬನ್ನಿ.